ಬೇರ್ಪಟ್ಟ ಮೇಲೆ ಉಳಿಯುವ ವಿಷಯಗಳು: ಕೌಟುಂಬಿಕ ಮಧ್ಯಸ್ಥಿಕೆಗೆ ಕೂರುವವರಿಗೆ ಒಂದು ಕೈಪಿಡಿ

ಮಂಗಳೂರಿನ ಕೌಟುಂಬಿಕ ನ್ಯಾಯಾಲಯದ ಮೊಗಸಾಲೆಯಲ್ಲಿ ಸರದಿಗಾಗಿ ಕಾಯುವವರಲ್ಲಿ ಬಹಳ ಮಂದಿ, ಮದುವೆ ಉಳಿಯಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಎಂದೋ ದಾಟಿ ಬಂದಿರುತ್ತಾರೆ. ಸೊಸೈಟಿಯಲ್ಲಿ ಅಡವಿಟ್ಟ ಹದಿನೈದು ಪವನು ಚಿನ್ನವನ್ನು ಬಿಡಿಸಬೇಕಾದವರು ಯಾರು, ಏಪ್ರಿಲ್ ರಜೆಯಲ್ಲಿ ಮಗು ಯಾರ ಮನೆಯಲ್ಲಿರಬೇಕು, ಇಬ್ಬರ ಹೆಸರಿನಲ್ಲಿರುವ ಫ್ಲ್ಯಾಟಿನ ಸಾಲದ ಕಂತು ಮುಂದಿನ ತಿಂಗಳಿನಿಂದ ಯಾರ ಖಾತೆಯಿಂದ ಹೋಗಬೇಕು ಎಂಬಂಥ ಪ್ರಶ್ನೆಗಳೇ ಅವರನ್ನು ವರ್ಷಗಟ್ಟಲೆ ಅಲ್ಲಿಗೆ ಎಳೆದು ತರುತ್ತವೆ. ಇವುಗಳಿಗೆ ನ್ಯಾಯಾಧೀಶರು ಉತ್ತರ ಕೊಡಬಲ್ಲರು, ಆದರೆ ಆ ಉತ್ತರ ಸಾಕ್ಷ್ಯ, ಪಾಟೀಸವಾಲು, ಮೇಲ್ಮನವಿಗಳನ್ನು ದಾಟಿ ಬರುವಷ್ಟರಲ್ಲಿ ಮಗು ಎರಡು ತರಗತಿ ಮೇಲೇರಿರುತ್ತದೆ. ಮೊದಲು ವಕೀಲಳಾಗಿ, ಆಮೇಲೆ ತರಬೇತಿ ಪಡೆದ ಮಧ್ಯಸ್ಥಿಕೆದಾರಳಾಗಿ ಇಂಥ ಮಾತುಕತೆಗಳಲ್ಲಿ ಕುಳಿತಿದ್ದೇನೆ. ಒಪ್ಪಂದ ಬಾಳಿಕೆ ಬರುವುದು ಎರಡೂ ಕಡೆಯವರ ಒಳ್ಳೆಯತನದಿಂದ ಮಾತ್ರ ಎಂದು ನನಗೆ ಅನ್ನಿಸಿಲ್ಲ. ಕೂರುವ ಮೊದಲು ಮಾಡಿಕೊಂಡ ತಯಾರಿ ಮತ್ತು ಕಾಗದದ ಮೇಲೆ ಬರೆದಿಟ್ಟ ಸಣ್ಣ ಸಣ್ಣ ವಿವರಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಈ ಬರಹ ಆ ತಯಾರಿಯ ಬಗ್ಗೆ. ಆ ಕೋಣೆಯಲ್ಲಿ ಕೇಳಿದ ಯಾರ ಕತೆಯನ್ನೂ ಹೊರಗೆ ಹೇಳುವ ಅಧಿಕಾರ ನನಗಿಲ್ಲ. ಆದ್ದರಿಂದ ಇಲ್ಲಿ ಬರುವ ಉದಾಹರಣೆಗಳೆಲ್ಲ ವಿಷಯ ವಿವರಿಸಲು ನಾನೇ ಕಟ್ಟಿಕೊಂಡವು.

ಪಂಚಾತಿಕೆಗೂ ಮಧ್ಯಸ್ಥಿಕೆಗೂ ಇರುವ ಅಂತರ

ನಮ್ಮ ಕರಾವಳಿಯಲ್ಲಿ ದಂಪತಿಗಳ ಜಗಳ ಮೊದಲು ಮುಟ್ಟುವುದು ಹಿರಿಯರನ್ನು. ಗುತ್ತಿನ ಮನೆಯ ಯಜಮಾನರು, ಜಮಾಅತಿನ ಹಿರಿಯರು, ಚರ್ಚಿನ ಧರ್ಮಗುರುಗಳು, ಸೋದರಮಾವ, ಊರಿನ ನಾಲ್ಕು ಜನ ಸೇರಿ ಎರಡೂ ಕಡೆಯವರನ್ನು ಕೂರಿಸಿ ಮಾತನಾಡುವುದು ಹಳೆಯ ಪದ್ಧತಿ. ಗಂಡನ ಕುಟುಂಬದಿಂದ ಒಬ್ಬರನ್ನೂ ಹೆಂಡತಿಯ ಕುಟುಂಬದಿಂದ ಒಬ್ಬರನ್ನೂ ನೇಮಿಸಿ ರಾಜಿಗೆ ಪ್ರಯತ್ನಿಸಬೇಕೆಂದು ಕುರ್‌ಆನ್ ಹೇಳುತ್ತದೆ, ಅದನ್ನು ಶ್ರದ್ಧೆಯಿಂದ ಪಾಲಿಸುವ ಮನೆಗಳು ನಮ್ಮಲ್ಲಿವೆ. ಈ ದಾರಿಗಳ ಬಗ್ಗೆ ನನಗೆ ಗೌರವವಿದೆ, ಅಲ್ಲಿಯೇ ಮುಗಿದರೆ ಸಂತೋಷ. ಆದರೆ ಪಂಚಾತಿಕೆಯಲ್ಲಿ ತೀರ್ಮಾನ ಹೇಳುವವರು ಹಿರಿಯರು, ಅದನ್ನು ಒಪ್ಪದಿದ್ದರೆ ಅವರ ಮುಖ ಮುರಿದಂತೆ ಆಗುತ್ತದೆ ಎಂಬ ಭಯದಿಂದ ಕೆಲವರು ತಲೆಯಾಡಿಸಿ ಬರುತ್ತಾರೆ. ಚಾವಡಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಹರಡುವುದೂ ಉಂಟು. ‘ಹೊಂದಿಕೊಂಡು ಹೋಗಿ’ ಎಂಬ ಉಪದೇಶವಂತೂ ಹೆಚ್ಚಾಗಿ ಹೆಣ್ಣುಮಗಳ ಕಡೆಗೇ ತಿರುಗುತ್ತದೆ.

ಮಧ್ಯಸ್ಥಿಕೆಯಲ್ಲಿ ಹಾಗಿಲ್ಲ. ಮಧ್ಯಸ್ಥಿಕೆದಾರರು ಯಾರು ಸರಿ, ಯಾರು ತಪ್ಪು ಎಂದು ಹೇಳುವುದಿಲ್ಲ, ತೀರ್ಪು ಕೊಡುವುದಿಲ್ಲ, ಒಪ್ಪಿಕೊಳ್ಳಲೇಬೇಕೆಂದು ಒತ್ತಾಯಿಸುವಂತಿಲ್ಲ. ನ್ಯಾಯಾಲಯದ ಕೇಂದ್ರಗಳಲ್ಲಿ ಈ ಕೆಲಸ ಮಾಡುವವರು 40 ಗಂಟೆಗಳ ತರಬೇತಿ ಪಡೆದಿರುತ್ತಾರೆ. ಅಲ್ಲಿ ಆಡಿದ ಮಾತನ್ನು ಮುಂದೆ ಯಾರೂ ಸಾಕ್ಷ್ಯವಾಗಿ ಬಳಸುವಂತಿಲ್ಲ. ಮಾತುಕತೆ ಮುರಿದುಬಿದ್ದರೆ ಮಧ್ಯಸ್ಥಿಕೆದಾರರು ನ್ಯಾಯಾಲಯಕ್ಕೆ ‘ಫಲಿಸಲಿಲ್ಲ’ ಎಂಬಷ್ಟನ್ನು ಮಾತ್ರ ತಿಳಿಸಬೇಕು, ಯಾರು ಏನು ಹೇಳಿದರು ಎಂಬುದನ್ನು ಬರೆಯಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಸ್ಪಷ್ಟಪಡಿಸಿದೆ. ಒಪ್ಪಂದವಾದರೆ ಅದು ಬರವಣಿಗೆಗೆ ಇಳಿದು, ಇಬ್ಬರ ಸಹಿಯೊಂದಿಗೆ ನ್ಯಾಯಾಲಯಕ್ಕೆ ಹೋಗಿ, ಡಿಕ್ರಿಯ, ಅಂದರೆ ನ್ಯಾಯಾಲಯದ ಅಂತಿಮ ತೀರ್ಮಾನದ, ಭಾಗವಾಗುತ್ತದೆ. ಊರಿನ ಹಿರಿಯರ ಮಾತಿಗೆ ಈ ಬಲ ಇರುವುದಿಲ್ಲ.

ಇದಕ್ಕೆ ಕಾನೂನಿನ ಆಧಾರ ಗಟ್ಟಿಯಾಗಿಯೇ ಇದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 9ನೆಯ ಕಲಮು ಮೊದಲು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವೆಂದೇ ಹೇಳುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಲ್ಲಿ ಜಾರಿಗೆ ಬಂದ ಮೇಲೆ ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಕಳುಹಿಸುವುದು ರೂಢಿಯಾಯಿತು, 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾದ ನಂತರ ಈ ಪದ್ಧತಿ ಜಿಲ್ಲೆಗಳಿಗೂ ಹಬ್ಬಿತು. ವೈವಾಹಿಕ ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಕಳುಹಿಸಲು ಕೌಟುಂಬಿಕ ನ್ಯಾಯಾಲಯಗಳು ಎಲ್ಲ ಪ್ರಯತ್ನ ಮಾಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಸೂಚಿಸಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯಿದೆಯೂ ಬಂದಿದೆ.

ಮಧ್ಯಸ್ಥಿಕೆ ಬೇಡವಾದ ಸಂದರ್ಭ

ಮುಂದಿನದಕ್ಕೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ಹೊಡೆತ, ಬೆದರಿಕೆ, ಸದಾ ಹೆದರಿಕೆಯಲ್ಲಿ ಬದುಕಿದ ಚರಿತ್ರೆ ಇರುವಲ್ಲಿ ಎದುರುಬದುರು ಕುಳಿತು ಆಡುವ ಮಾತು ಸಮಾನರ ಮಾತಾಗುವುದಿಲ್ಲ. ಎದುರಿಗಿದ್ದವರ ಕಣ್ಣಿನ ಒಂದು ನೋಟಕ್ಕೆ ಬೆದರಿ ‘ಆಗಬಹುದು’ ಎಂದು ಸಹಿ ಹಾಕಿದ ಒಪ್ಪಂದ ಒಪ್ಪಂದವೇ ಅಲ್ಲ. ಅಂಥವರು ಮೊದಲು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ರಕ್ಷಣೆ ಪಡೆಯಬೇಕು. ಗಂಡನ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಆ ಕಾಯಿದೆ ಹೆಂಡತಿಗೆ ಕೊಡುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ರಕ್ಷಣೆ ದೊರೆತ ಮೇಲೆ, ತಾನೇ ಬಯಸಿದರೆ, ಮಧ್ಯಸ್ಥಿಕೆಗೆ ಬರಬಹುದು. ಆಗಲೂ ಒಂದೇ ಕೋಣೆಯಲ್ಲಿ ಕೂರಲಾರೆ, ಬೇರೆ ಬೇರೆಯಾಗಿಯೇ ಮಾತನಾಡಿಸಿ, ಹೊರಡುವ ಹೊತ್ತನ್ನೂ ಬೇರೆ ಮಾಡಿ ಎಂದು ಮೊದಲೇ ಕೇಳಿಕೊಳ್ಳಬೇಕು. ಹೀಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ, ಅದನ್ನು ಮಧ್ಯಸ್ಥಿಕೆದಾರರು ಗೌರವಿಸಬೇಕು.

ಎಲ್ಲಿಗೆ ಹೋಗಬೇಕು

ಪ್ರಕರಣ ಈಗಾಗಲೇ ನ್ಯಾಯಾಲಯದಲ್ಲಿದ್ದರೆ ದಾರಿ ಸುಲಭ. ನ್ಯಾಯಾಧೀಶರೇ ಕಳುಹಿಸಬಹುದು, ಇಲ್ಲವಾದರೆ ನಿಮ್ಮ ವಕೀಲರ ಮೂಲಕ ಒಂದು ಮೆಮೊ ಸಲ್ಲಿಸಿ ಕೇಳಬಹುದು. ಹೀಗೆ ನ್ಯಾಯಾಲಯ ಕಳುಹಿಸಿದ ಪ್ರಕರಣಗಳಲ್ಲಿ ಕಕ್ಷಿದಾರರು ಮಧ್ಯಸ್ಥಿಕೆದಾರರಿಗೆ ಶುಲ್ಕ ಕೊಡಬೇಕಾಗಿಲ್ಲ. ಇನ್ನೂ ಯಾವ ದಾವೆಯೂ ಹೂಡಿಲ್ಲವೆಂದಾದರೆ ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಬಿಳಿ ಹಾಳೆಯಲ್ಲಿ ವಿಷಯ ಬರೆದು ಅರ್ಜಿ ಕೊಡಬಹುದು. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ, ಸುಳ್ಯ, ಕುಂದಾಪುರ, ಕಾರ್ಕಳದವರಿಗೆ ತಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯೇ ಹತ್ತಿರ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100 ಎಂಬ ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು.

ಕೆಲಸ ದುಬೈ, ಕುವೈತ್, ಮಸ್ಕತ್ತಿನಲ್ಲಿ ಇರುವವರು, ಹಡಗಿನಲ್ಲಿ ಆರು ತಿಂಗಳು ಕಳೆಯುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಅಂಥವರು ಊರಿಗೆ ಬರುವ ರಜೆಯ ದಿನಾಂಕವನ್ನು ಮೊದಲೇ ತಿಳಿಸಿ ಆ ಅವಧಿಯೊಳಗೆ ಎರಡು ಮೂರು ಬೈಠಕ್‌ಗಳನ್ನು ಹೊಂದಿಸಿಕೊಳ್ಳುವುದು ಮೇಲು. ಉಳಿದ ಮಾತುಕತೆಗೆ ವಿಡಿಯೊ ಕರೆಯ ಅನುಕೂಲ ಕೇಳಬಹುದು. ಅಣ್ಣನಿಗೋ ತಂದೆಗೋ ಅಧಿಕಾರ ಪತ್ರ ಕೊಟ್ಟು ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಮಗುವಿನ ಜತೆ ಕಳೆಯುವ ದಿನಗಳ ಲೆಕ್ಕವನ್ನು ಇನ್ನೊಬ್ಬರು ನಿಮ್ಮ ಪರವಾಗಿ ಮಾತನಾಡಲಾರರು.

ಹದಿನೈದು ದಿನಗಳ ತಯಾರಿ

ಮೊದಲ ಬೈಠಕ್‌ಗೆ ಬರಿಗೈಯಲ್ಲಿ ಬಂದವರ ಇಡೀ ದಿನ ‘ನೀನು ಎಷ್ಟು ಸಂಬಳ ಪಡೆಯುತ್ತಿ’ ಎಂಬ ವಾದದಲ್ಲಿಯೇ ಕಳೆದುಹೋಗುತ್ತದೆ. ಮದುವೆಯ ನೋಂದಣಿ ಪತ್ರ, ಮಗುವಿನ ಜನನ ಪ್ರಮಾಣಪತ್ರ, ಆರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ವಿವರ, ಆದಾಯ ತೆರಿಗೆಯ ರಿಟರ್ನ್, ಸಾಲದ ಪತ್ರಗಳು, ವಿಮಾ ಪಾಲಿಸಿ, ಜಾಗವಿದ್ದರೆ ಪಹಣಿ ಇವಿಷ್ಟನ್ನು ಒಂದು ಫೈಲಿನಲ್ಲಿ ಸೇರಿಸಿಕೊಳ್ಳಿ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಹೊಣೆಗಳ ಅಫಿಡವಿಟ್ ಸಲ್ಲಿಸಬೇಕೆಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದೆ. ಆ ಅಫಿಡವಿಟ್ಟಿನ ನಮೂನೆಯನ್ನೇ ಎದುರಿಗಿಟ್ಟುಕೊಂಡು ಪ್ರಾಮಾಣಿಕವಾಗಿ ತುಂಬಿದರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ತಿಂಗಳ ಖರ್ಚಿನ ಲೆಕ್ಕ. ಅಂದಾಜಿನ ಮಾತು ಬೇಡ, ಅಂಗಡಿಯ ಚೀಟಿ ನೋಡಿ ಬರೆಯಿರಿ. ಒಬ್ಬ ತಾಯಿ, ಎರಡನೆಯ ತರಗತಿಯ ಒಂದು ಮಗು ಎಂದು ಇಟ್ಟುಕೊಳ್ಳಿ: ಬಾಡಿಗೆ 9,000, ದಿನಸಿ, ಮೀನು, ಗ್ಯಾಸ್ ಸೇರಿ 7,500, ಶಾಲೆಯ ವ್ಯಾನು 1,800, ವರ್ಷದ ಶುಲ್ಕ 36,000 ಆದರೆ ತಿಂಗಳಿಗೆ 3,000, ಔಷಧಿಗೆ 1,200; ಒಟ್ಟು 22,500 ರೂಪಾಯಿ. ‘ಮೂವತ್ತು ಸಾವಿರ ಬೇಕು’, ‘ಹತ್ತಕ್ಕಿಂತ ಹೆಚ್ಚು ಕೊಡಲಾರೆ’ ಎಂಬ ಎರಡು ಮಾತುಗಳ ನಡುವೆ ಇಂಥ ಒಂದು ಹಾಳೆ ಬಂದು ಕುಳಿತರೆ ಚರ್ಚೆಯ ಧಾಟಿಯೇ ಬದಲಾಗುತ್ತದೆ. ಆಗ ಬಾಡಿಗೆ ಕಡಿಮೆ ಮಾಡಬಹುದೇ, ಶಾಲೆಯ ಶುಲ್ಕವನ್ನು ತಂದೆ ನೇರವಾಗಿ ಶಾಲೆಗೇ ಕಟ್ಟಬಹುದೇ ಎಂದು ಒಂದೊಂದು ಸಾಲನ್ನು ಹಿಡಿದು ಮಾತನಾಡಲು ಸಾಧ್ಯವಾಗುತ್ತದೆ.

ಇನ್ನೊಂದು ಹಾಳೆಯಲ್ಲಿ ನಿಮಗೆ ಏನು ಬೇಕೇ ಬೇಕು, ಯಾವುದನ್ನು ಬಿಟ್ಟುಕೊಡಬಹುದು, ಮಾತು ಮುರಿದರೆ ಮುಂದೇನು ಮಾಡುವಿರಿ ಎಂದು ಬರೆಯಿರಿ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಸಿಟ್ಟಿನಲ್ಲಿ ಕೇಳಬೇಕೆನ್ನಿಸಿದ್ದೆಲ್ಲ ನಿಜವಾಗಿ ಬೇಕಾದದ್ದಲ್ಲ ಎಂಬುದು ಬರೆಯುವಾಗಲೇ ಗೊತ್ತಾಗುತ್ತದೆ. ಜತೆಗೆ ಯಾರು ಬರುತ್ತಾರೆ ಎಂಬುದನ್ನೂ ಮನೆಯಲ್ಲಿ ಮುಂಚಿತವಾಗಿ ತೀರ್ಮಾನಿಸಿ. ತಾಯಿ, ತಂದೆ, ದೊಡ್ಡಣ್ಣ, ಭಾವ ಎಲ್ಲರೂ ಜೀಪಿನಲ್ಲಿ ಬಂದಿಳಿದರೆ ಹೊರಗಿನ ಬೆಂಚಿನ ಮೇಲೆಯೇ ಇನ್ನೊಂದು ಜಗಳ ಹುಟ್ಟುತ್ತದೆ. ನಿಮ್ಮನ್ನು ಸಮಾಧಾನಪಡಿಸಬಲ್ಲ ಒಬ್ಬರು ಸಾಕು.

ಕೋಣೆಯೊಳಗೆ

ಮೊದಲು ಮಧ್ಯಸ್ಥಿಕೆದಾರರು ನಿಯಮಗಳನ್ನು ವಿವರಿಸುತ್ತಾರೆ. ಅನಂತರ ಒಬ್ಬೊಬ್ಬರಾಗಿ, ಮತ್ತೊಬ್ಬರು ನಡುವೆ ಬಾಯಿ ಹಾಕದಂತೆ, ತಮ್ಮ ಮಾತು ಹೇಳುತ್ತಾರೆ. ಈ ಹೊತ್ತಿನಲ್ಲಿ ಎದುರಿನವರು ಸುಳ್ಳು ಹೇಳುತ್ತಿದ್ದಾರೆ ಎನ್ನಿಸಿದರೂ ತಡೆಯಬೇಡಿ, ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕರೆದು ಮಾತನಾಡುವ ಹಂತ ಬರುತ್ತದೆ, ನನ್ನ ಅನುಭವದಲ್ಲಿ ಗಂಟು ಸಡಿಲವಾಗುವುದು ಇಲ್ಲಿಯೇ. ಅಲ್ಲಿ ನೀವು ಹೇಳಿದ್ದರಲ್ಲಿ ಯಾವುದನ್ನು ಆ ಕಡೆಗೆ ತಿಳಿಸಬಹುದು, ಯಾವುದನ್ನು ತಿಳಿಸಬಾರದು ಎಂದು ನೀವೇ ಹೇಳಬಹುದು, ಹೇಳಬೇಕು. ‘ಅವರು ಫ್ಲ್ಯಾಟ್ ಬಿಟ್ಟುಕೊಟ್ಟರೆ ನಾನು ಹಳೆಯ ಬಾಕಿ ಕೇಳುವುದಿಲ್ಲ, ಆದರೆ ಈಗಲೇ ಅವರಿಗೆ ಹೇಳಬೇಡಿ’ ಎಂಬಷ್ಟು ಸ್ಪಷ್ಟವಾಗಿ ಮಾತನಾಡಿದರೆ ಮಧ್ಯಸ್ಥಿಕೆದಾರರಿಗೆ ಹೆಜ್ಜೆ ಇಡಲು ಜಾಗ ಸಿಗುತ್ತದೆ.

ಒಂದೇ ದಿನದಲ್ಲಿ ಮುಗಿಯಬೇಕೆಂಬ ಹಟ ಬೇಡ. ದಣಿದ ಸಂಜೆಯಲ್ಲಿ ಸಹಿ ಮಾಡಬೇಡಿ. ಕರಡನ್ನು ಮನೆಗೆ ತೆಗೆದುಕೊಂಡು ಹೋಗಿ, ವಕೀಲರಿಗೆ ತೋರಿಸಿ, ಎರಡು ರಾತ್ರಿ ಕಳೆದ ಮೇಲೆ ಬನ್ನಿ.

ಮಕ್ಕಳ ದಿನಗಳನ್ನು ಹಂಚುವುದು

ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತನ್ನು ಇದಕ್ಕೆ ಕೊಡಬೇಕೆಂದು ನಾನು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. ಕಾನೂನು ಹೇಳುವುದು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದು. ಹಿಂದೂ ಅಪ್ರಾಪ್ತರ ವಿಷಯದಲ್ಲಿ 1956ರ ಕಾಯಿದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುತ್ತದೆ. ಜತೆಯಲ್ಲಿ ಇಲ್ಲದ ತಂದೆ ಅಥವಾ ತಾಯಿಗೆ ಭೇಟಿಯ ಜತೆಗೆ ಫೋನ್, ವಿಡಿಯೊ ಕರೆಯ ಮೂಲಕ ಮಗುವಿನೊಂದಿಗೆ ಮಾತನಾಡುವ ಅವಕಾಶವೂ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ಇದರಾಚೆಗಿನ ವಿವರ ತುಂಬಬೇಕಾದವರು ನೀವೇ. ‘ತಂದೆಗೆ ಭೇಟಿಯ ಹಕ್ಕು ಇರತಕ್ಕದ್ದು’ ಎಂಬ ಒಂದು ಸಾಲು ಬರೆದು ಎದ್ದುಬಂದವರು ಮುಂದಿನ ಮಳೆಗಾಲದೊಳಗೆ ಮತ್ತೆ ನ್ಯಾಯಾಲಯದಲ್ಲಿ ಇರುತ್ತಾರೆ.

ಒಂದು ಕ್ಯಾಲೆಂಡರ್ ಮೇಜಿನ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳಿ. ವಾರದ ಯಾವ ದಿನ, ಎಷ್ಟು ಗಂಟೆಗೆ ಕರೆದುಕೊಂಡು ಹೋಗುವುದು, ಎಷ್ಟಕ್ಕೆ ತಂದು ಬಿಡುವುದು, ಬಿಡುವವರು ಯಾರು ಎಂದು ಬರೆಯಿರಿ. ತಾಯಿ ಉಡುಪಿಯಲ್ಲಿ, ತಂದೆ ಮಂಗಳೂರಿನಲ್ಲಿ ಇದ್ದರೆ ಎಕ್ಸ್‌ಪ್ರೆಸ್ ಬಸ್ಸಿನ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಭಾನುವಾರ ರಾತ್ರಿ ಎಂಟಕ್ಕೆ ನಿದ್ದೆಗಣ್ಣಿನ ಮಗುವನ್ನು ಬಸ್ಸಿನಿಂದ ಇಳಿಸುವಂಥ ವ್ಯವಸ್ಥೆ ಸೋಮವಾರದ ಶಾಲೆಗೆ ಒಳ್ಳೆಯದಲ್ಲ. ಹಸ್ತಾಂತರದ ಜಾಗ ಇಬ್ಬರಿಗೂ ಮುಜುಗರವಿಲ್ಲದ್ದಾಗಿರಲಿ. ಗಂಡನ ಮನೆಯ ಗೇಟು, ಹೆಂಡತಿಯ ತಾಯಿಮನೆಯ ಅಂಗಳ ಎರಡೂ ಬೇಡವೆಂದಾದರೆ ಇಬ್ಬರೂ ನಂಬುವ ಸಂಬಂಧಿಕರ ಮನೆಯನ್ನು ಆರಿಸಬಹುದು.

ರಜೆಗಳನ್ನು ಹೆಸರು ಹಿಡಿದು ಬರೆಯಿರಿ. ಏಪ್ರಿಲ್, ಮೇ ತಿಂಗಳಿನ ದೊಡ್ಡ ರಜೆ, ದಸರಾ ರಜೆ, ನಮ್ಮ ಜಿಲ್ಲೆಗಳ ಕೆಲವು ಶಾಲೆಗಳಿಗೆ ಕ್ರಿಸ್ಮಸ್ ರಜೆ ಇವುಗಳ ಹಂಚಿಕೆ ಹೇಗೆ? ಚೌತಿ ಒಂದು ವರ್ಷ ಇವರಲ್ಲಿ, ಮರುವರ್ಷ ಅವರಲ್ಲಿ ಎಂದು ಬರೆಯುವುದು ಸುಲಭ, ಆದರೆ ಕುಟುಂಬದ ಮನೆಯ ನೇಮ, ನಾಗಬನದ ತಂಬಿಲ ಮುಂತಾದವು ಒಂದು ಕಡೆಗೆ ಮಾತ್ರ ಸೇರಿದ ದಿನಗಳು, ಅವನ್ನು ಸರದಿಯ ಮೇಲೆ ಹಂಚಲಾಗುವುದಿಲ್ಲ. ಆ ದಿನ ಮಗು ಆ ಕಡೆಗೇ ಹೋಗಲಿ ಎಂದು ಒಪ್ಪಿ, ಬದಲಾಗಿ ಇನ್ನೊಂದು ದಿನವನ್ನು ಈ ಕಡೆಗೆ ಕೊಡಿ. ಕ್ರೈಸ್ತರ ಮನೆಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನ ಹೊಸ ತೆನೆಯ ಊಟ, ಉಡುಪಿಯವರಿಗೆ ಅಷ್ಟಮಿಯ ಮರುದಿನದ ವಿಟ್ಲಪಿಂಡಿ, ಮುಸ್ಲಿಮರ ಮನೆಯಲ್ಲಿ ಎರಡು ಈದ್‌ಗಳು ಇವೆಲ್ಲ ಮಗುವಿನ ನೆನಪಿನಲ್ಲಿ ದೊಡ್ಡದಾಗಿ ಉಳಿಯುವ ದಿನಗಳು. ಹೆತ್ತವರ ಮುನಿಸಿನಿಂದ ಅವು ಮಗುವಿಗೆ ತಪ್ಪಿಹೋಗಬಾರದು. ಅಜ್ಜ ಅಜ್ಜಿಯರ ಹೆಸರನ್ನೂ ಒಪ್ಪಂದದಲ್ಲಿ ಸೇರಿಸಿ, ಎಷ್ಟೋ ಮನೆಗಳಲ್ಲಿ ಮಗುವನ್ನು ಸಾಕಿದವರು ಅವರೇ.

ಕರಾವಳಿಯವರು ಮರೆಯಬಾರದ ಇನ್ನೊಂದು ಸಂಗತಿ ಮಳೆ. ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆಗೆ ಶಾಲೆಗಳಿಗೆ ರಜೆ ಸಾರುತ್ತಾರೆ, ಆ ರಜೆಯನ್ನು ಸರಿದೂಗಿಸಲು ಶನಿವಾರ ಪೂರ್ತಿ ದಿನ ತರಗತಿ ನಡೆಯುವುದೂ ಉಂಟು. ಭೇಟಿಯ ದಿನಕ್ಕೆ ಇಂಥ ಅಡ್ಡಿ ಬಂದರೆ ಅದು ಮುಂದಿನ ಯಾವ ದಿನಕ್ಕೆ ಸರಿಯುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟರೆ ಎಷ್ಟೋ ಫೋನ್ ಜಗಳ ತಪ್ಪುತ್ತದೆ. ಶಾಲೆ ಬದಲಿಸುವುದು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ, ಮಗುವಿನ ಪಾಸ್‌ಪೋರ್ಟ್, ವಿದೇಶಕ್ಕೆ ಕರೆದುಕೊಂಡು ಹೋಗುವುದು ಇವುಗಳಿಗೆ ಇಬ್ಬರ ಲಿಖಿತ ಒಪ್ಪಿಗೆ ಬೇಕು ಎಂದೂ, ಪಾಸ್‌ಪೋರ್ಟ್ ಯಾರ ಬಳಿ ಇರುತ್ತದೆ ಎಂದೂ ನಮೂದಿಸಿ. ಗಲ್ಫ್‌ನಲ್ಲಿ ಒಬ್ಬರು ಇರುವ ಮನೆಗಳಲ್ಲಿ ಇದು ತೀರ ಅಗತ್ಯ.

ಮಗುವನ್ನು ಬೈಠಕ್‌ಗೆ ಕರೆತಂದು ‘ನಿನಗೆ ಯಾರು ಬೇಕು’ ಎಂದು ಕೇಳಿಸಬೇಡಿ. ಮಗುವಿನ ಮನಸ್ಸು ತಿಳಿಯುವುದು ಅಗತ್ಯವೆನಿಸಿದರೆ ನ್ಯಾಯಾಧೀಶರೋ ನ್ಯಾಯಾಲಯದ ಆಪ್ತಸಮಾಲೋಚಕರೋ ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ.

ಹಣ, ಚಿನ್ನ, ಮನೆ

ಮದುವೆಯಲ್ಲಿ ಹೆಣ್ಣಿಗೆ ಬಂದ ಚಿನ್ನ ಸ್ತ್ರೀಧನ. ಅದು ಗಂಡನ ಮನೆಯ ಕಪಾಟಿನಲ್ಲಿದ್ದರೂ ಒಡತಿ ಅವಳೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದೆ, ಅದನ್ನು ಹಿಂದಿರುಗಿಸದಿರುವುದು ನಂಬಿಕೆದ್ರೋಹದ ಅಪರಾಧವಾಗಬಹುದು. ಪ್ರಾಯೋಗಿಕ ತೊಡಕು ಇರುವುದು ಲೆಕ್ಕದಲ್ಲಿ. ಮದುವೆಯ ಫೋಟೊ, ಆಭರಣದಂಗಡಿಯ ಬಿಲ್ಲು, ಅಡವು ಚೀಟಿ ಇವುಗಳಿಂದ ಪಟ್ಟಿ ತಯಾರಿಸಿ, ಪ್ರತಿ ಒಡವೆಯ ಮುಂದೆ ಪವನು ಅಥವಾ ಗ್ರಾಂ ಲೆಕ್ಕ ಬರೆಯಿರಿ. ಒಂದು ಪವನು ಎಂದರೆ ಎಂಟು ಗ್ರಾಂ. ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಅಡವಿದ್ದರೆ ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ದಿನಾಂಕದೊಳಗೆ ಯಾರು ಬಿಡಿಸಬೇಕು ಎಂಬುದನ್ನು ಬರೆಯದೆ ಬಿಡಬೇಡಿ. ಬಿಡಿಸಿದ ಚಿನ್ನವನ್ನು ಮಧ್ಯಸ್ಥಿಕೆದಾರರ ಎದುರಿಗೋ ನ್ಯಾಯಾಲಯದಲ್ಲೋ ತೂಗಿ ಒಪ್ಪಿಸಿ ರಸೀದಿ ಪಡೆಯಿರಿ.

ಜೀವನಾಂಶವನ್ನು ತಿಂಗಳು ತಿಂಗಳು ಕೊಡಬೇಕೇ, ಒಂದೇ ಗಂಟಿನಲ್ಲಿ ಕೊಡಬೇಕೇ ಎಂಬುದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಕೊಡುವವರ ಕೆಲಸ ಖಾಯಂ ಇಲ್ಲದಿದ್ದರೆ, ಅಥವಾ ವಿದೇಶದಲ್ಲಿದ್ದು ವಸೂಲಿಗೆ ಕಷ್ಟವಾಗುವಂತಿದ್ದರೆ, ಹೆಂಡತಿಯ ಪಾಲನ್ನು ಒಂದೇ ಗಂಟಿನಲ್ಲಿ ಪಡೆಯುವುದು ಮೇಲೆಂದು ನನ್ನ ಅಭಿಪ್ರಾಯ. ಮಗುವಿನ ಪಾಲು ಮಾತ್ರ ತಿಂಗಳ ಲೆಕ್ಕದಲ್ಲಿರಲಿ, ವರ್ಷಕ್ಕೆ ಇಷ್ಟು ಶೇಕಡಾ ಏರಿಕೆ ಎಂದು ಬರೆದಿರಲಿ, ತಿಂಗಳ 5ನೆಯ ತಾರೀಕಿನೊಳಗೆ ಬ್ಯಾಂಕ್ ಖಾತೆಗೇ ಬರಲಿ. ಕೈಯಲ್ಲಿ ಕೊಟ್ಟ ನಗದಿಗೆ ಲೆಕ್ಕವಿರುವುದಿಲ್ಲ. ‘ಮಗುವಿನ ಖರ್ಚಿಗೆ ಮುಂದೆಂದೂ ಏನನ್ನೂ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಅದು ಮಗುವಿನ ಹಕ್ಕನ್ನು ಕಳೆಯುವುದಿಲ್ಲ ಎಂಬುದನ್ನು ಇಬ್ಬರೂ ತಿಳಿದಿರಬೇಕು.

ಫ್ಲ್ಯಾಟಿನ ಸಾಲ ಇಬ್ಬರ ಹೆಸರಿನಲ್ಲಿದ್ದರೆ ಒಂದು ಎಚ್ಚರಿಕೆ. ‘ಇನ್ನು ಕಂತನ್ನು ಅವರೇ ಕಟ್ಟುತ್ತಾರೆ’ ಎಂಬ ನಿಮ್ಮ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ, ಅವರು ತಪ್ಪಿದರೆ ನೋಟಿಸು ನಿಮಗೂ ಬರುತ್ತದೆ. ಆದ್ದರಿಂದ ಬ್ಯಾಂಕಿನಿಂದ ಹೆಸರು ತೆಗೆಸಿಕೊಳ್ಳುವ ಗಡುವನ್ನೂ, ಅದು ಸಾಧ್ಯವಾಗದಿದ್ದರೆ ಮಾರಿ ಸಾಲ ತೀರಿಸುವ ಕ್ರಮವನ್ನೂ ಬರೆಯಬೇಕು. ಹೆಣ್ಣಿನ ಕಡೆಯಿಂದ ಹಕ್ಕು ಸಾಗುವ ಅಳಿಯಸಂತಾನದ ಕುಟುಂಬದ ಮನೆ, ಇನ್ನೂ ಪಾಲಾಗದ ಅವಿಭಕ್ತ ಜಾಗ ಇವುಗಳನ್ನು ಕೊಡುತ್ತೇನೆಂದು ಒಬ್ಬರೇ ಮಾತು ಕೊಡಲಾಗದು, ಅಲ್ಲಿ ಇತರ ಸದಸ್ಯರ ಹಕ್ಕೂ ಇದೆ. ವಿಮೆ, ಭವಿಷ್ಯ ನಿಧಿಗಳ ನಾಮಿನಿ ಹೆಸರು ಬದಲಿಸುವುದನ್ನು ಬಹಳ ಮಂದಿ ಮರೆತೇಬಿಡುತ್ತಾರೆ.

ಬರೆದು, ಸಹಿ ಮಾಡಿ, ಡಿಕ್ರಿಯವರೆಗೆ

ಒಪ್ಪಂದದ ಭಾಷೆ ನಿಮಗೆ ಅರ್ಥವಾಗಬೇಕು. ಇಂಗ್ಲಿಷಿನಲ್ಲಿ ತಯಾರಾದ ಕರಡನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಪ್ರತಿ ವಾಕ್ಯಕ್ಕೂ ಯಾರು, ಏನು, ಎಂದು, ತಪ್ಪಿದರೆ ಏನು ಎಂಬ ನಾಲ್ಕು ಪ್ರಶ್ನೆ ಹಾಕಿ ನೋಡಿ.

ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಮಾಡಿ ನೋಟರಿ ಮೊಹರು ಹಾಕಿಸಿಕೊಂಡರೆ ವಿಚ್ಛೇದನವಾಯಿತು ಎಂಬ ನಂಬಿಕೆ ಇನ್ನೂ ಇದೆ. ಸಾಬೀತಾಗಬಲ್ಲ ರೂಢಿಯ ವಿಚ್ಛೇದನವನ್ನು ಬಿಟ್ಟರೆ ಹಿಂದೂ ವಿವಾಹ ಮುರಿಯಲು ನ್ಯಾಯಾಲಯದ ಡಿಕ್ರಿಯೇ ಬೇಕು. ಕೆಥೋಲಿಕ್ ದಂಪತಿಗಳಿಗೆ ಧರ್ಮಪ್ರಾಂತದ ನ್ಯಾಯಮಂಡಳಿ ಮದುವೆ ಅಸಿಂಧುವೆಂದು ಹೇಳಿದರೂ, 1869ರ ವಿಚ್ಛೇದನ ಕಾಯಿದೆಯಂತೆ ನ್ಯಾಯಾಲಯದ ಡಿಕ್ರಿಯನ್ನು ಪ್ರತ್ಯೇಕವಾಗಿ ಪಡೆಯಬೇಕು.

1955ರ ಹಿಂದೂ ವಿವಾಹ ಕಾಯಿದೆಯ 13ಬಿ ಕಲಮಿನಡಿ ಪರಸ್ಪರ ಸಮ್ಮತಿಯ ಅರ್ಜಿಗೆ ಒಂದು ವರ್ಷದ ಪ್ರತ್ಯೇಕ ವಾಸ ಆಗಿರಬೇಕು, ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳು ಕಾಯಬೇಕು. ಜೀವನಾಂಶ, ಮಕ್ಕಳ ಸುಪರ್ದಿ ಮುಂತಾದ ಎಲ್ಲವೂ ನಿಜವಾಗಿ ಇತ್ಯರ್ಥವಾಗಿದ್ದರೆ, ಉಳಿದ ಷರತ್ತುಗಳೂ ಕೂಡಿಬಂದರೆ ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಪೂರ್ಣವಾದ ಮಧ್ಯಸ್ಥಿಕೆ ಒಪ್ಪಂದ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಡಿಕ್ರಿ ಆಗುವವರೆಗೆ ಒಬ್ಬರು ಸಮ್ಮತಿ ಹಿಂತೆಗೆದುಕೊಳ್ಳುವ ಸಾಧ್ಯತೆ ಇರುವುದರಿಂದ, ಹಣವನ್ನು ಒಂದು ಭಾಗ ಅರ್ಜಿ ಸಲ್ಲಿಸುವಾಗ, ಉಳಿದದ್ದು ಅಂತಿಮ ಹೇಳಿಕೆಯ ದಿನ ಎಂದು ಹಂಚಿಕೊಳ್ಳುವುದು ಎರಡೂ ಕಡೆಗೆ ಕ್ಷೇಮ.

ಕ್ರಿಮಿನಲ್ ಪ್ರಕರಣವೂ ಇದ್ದರೆ ‘ಕೇಸು ವಾಪಸು ತೆಗೆದುಕೊಳ್ಳುತ್ತೇನೆ’ ಎಂದು ಬರೆದರೆ ಸಾಲದು. ವೈವಾಹಿಕ ಕ್ರೌರ್ಯದ ಆರೋಪ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು, ಕೆಳ ನ್ಯಾಯಾಲಯದಲ್ಲಿ ರಾಜಿಯಾಗುವಂಥದ್ದಲ್ಲ. ಒಪ್ಪಂದದ ಆಧಾರದ ಮೇಲೆ ಅದನ್ನು ರದ್ದುಪಡಿಸಲು ಹೈಕೋರ್ಟಿಗೆ ಹೋಗಬೇಕು, ನಮ್ಮ ಎರಡೂ ಜಿಲ್ಲೆಗಳಿಗೆ ಅದು ಬೆಂಗಳೂರಿನ ಪ್ರಧಾನ ಪೀಠ. ಆ ಅರ್ಜಿಯನ್ನು ಯಾರು ಹಾಕುತ್ತಾರೆ, ಖರ್ಚು ಯಾರದು, ಸಹಕಾರದ ಅಫಿಡವಿಟ್ಟಿಗೆ ಸಹಿ ಯಾವಾಗ ಎಂಬುದೂ ಒಪ್ಪಂದದಲ್ಲಿರಲಿ.

ಮಾತುಕತೆ ಪೂರ್ತಿ ಫಲಿಸದೆ ಹೋಗಬಹುದು. ಆಗಲೂ ಒಪ್ಪಿದ್ದಷ್ಟನ್ನು ಬರೆದುಕೊಳ್ಳಿ: ಮಗುವಿನ ವಿಷಯ ಇತ್ಯರ್ಥವಾಗಿ, ಫ್ಲ್ಯಾಟಿನದು ಮಾತ್ರ ನ್ಯಾಯಾಧೀಶರ ಮುಂದೆ ಉಳಿದರೂ ಅದು ಸಣ್ಣ ಲಾಭವಲ್ಲ.

ಡಿಕ್ರಿಯ ಪ್ರಮಾಣಿತ ನಕಲುಗಳನ್ನು ಎರಡು ಮೂರು ಮಾಡಿಸಿ ಇಟ್ಟುಕೊಳ್ಳಿ, ಪಾಸ್‌ಪೋರ್ಟಿಗೆ, ಬ್ಯಾಂಕಿಗೆ ಬೇಕಾಗುತ್ತದೆ. ಹಣ ಬಂದ ದಿನಾಂಕ, ಭೇಟಿ ನಡೆದ ಮತ್ತು ತಪ್ಪಿದ ದಿನಗಳನ್ನು ಒಂದು ಡೈರಿಯಲ್ಲಿ ಗುರುತಿಸಿ. ಷರತ್ತು ಮುರಿದರೆ, ಡಿಕ್ರಿಯನ್ನು ಜಾರಿಗೊಳಿಸಲು ಕೋರುವ ಅಮಲ್ಜಾರಿ ಅರ್ಜಿಗೆ ಅದೇ ಆಧಾರ. ಮಕ್ಕಳ ಸುಪರ್ದಿ ಮತ್ತು ಜೀವನಾಂಶದ ಆದೇಶಗಳು ಪರಿಸ್ಥಿತಿ ಬದಲಾದಾಗ ಬದಲಾಗಬಲ್ಲವು. ಎರಡನೆಯ ತರಗತಿಯ ಮಗುವಿಗೆ ಹೊಂದಿಸಿದ ಭಾನುವಾರಗಳು ಎಂಟನೆಯ ತರಗತಿಗೆ, ಟ್ಯೂಷನ್ನು, ಯಕ್ಷಗಾನದ ಅಭ್ಯಾಸ, ಗೆಳೆಯರ ನಡುವೆ ಹೊಂದುವುದಿಲ್ಲ. ಆದ್ದರಿಂದ ಮೂರು ವರ್ಷಕ್ಕೊಮ್ಮೆ ಇಬ್ಬರೂ ಕುಳಿತು ಕ್ಯಾಲೆಂಡರ್ ಮರುಪರಿಶೀಲಿಸುವುದು, ಒಮ್ಮತವಾಗದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೇ ಮರಳುವುದು ಎಂಬ ಒಂದು ವಾಕ್ಯವನ್ನು ಒಪ್ಪಂದದ ಕೊನೆಯಲ್ಲಿ ಸೇರಿಸಿ, ಅದರ ಕೆಳಗೆ ಸಹಿ ಮಾಡಿ.